ಎಫ್‌ಬಿಜಿ ಸೆನ್ಸರ್ ಸಕ್ಕರೆ ನೀರಿಗೆ ಯಾಕೆ ಜಗ್ಗುವುದಿಲ್ಲ?

ಚಿಕ್ಕಮಗಳೂರಿನ ಕಾಲೇಜಿನಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೀರಿ, ಮಲೆನಾಡಿನ ಜೇನಿನ ವಕ್ರೀಭವನ ಸೂಚ್ಯಂಕವನ್ನು (ಬೆಳಕನ್ನು ಅದು ಎಷ್ಟು ಬಾಗಿಸುತ್ತದೆ ಎಂಬ ಅಂಕಿ) ಫೈಬರ್ ಬ್ರ್ಯಾಗ್ ಗ್ರೇಟಿಂಗಿನಿಂದ (ಎಫ್‌ಬಿಜಿ: ಗಾಜಿನ ಎಳೆಯೊಳಗೆ ಸಾಲುಗೆರೆಗಳಂತೆ ಮೂಡಿಸಿದ, ಒಂದು ತರಂಗಾಂತರದ ಬೆಳಕನ್ನು ಮಾತ್ರ ಹಿಂದಿರುಗಿಸುವ ರಚನೆ) ಅಳೆಯಬೇಕು ಅಂತಿದ್ದೀರಿ. ಸಕ್ಕರೆ ನೀರನ್ನು ಎಷ್ಟು ಗಟ್ಟಿ ಮಾಡಿದರೂ ಹಿಂದಿರುಗುವ ಬೆಳಕಿನ ಪೀಕ್ ಅಲ್ಲಾಡುವುದಿಲ್ಲ, ಮಧ್ಯಾಹ್ನ ಮಾತ್ರ ಬರೀ ನೀರಿನಲ್ಲೂ ಸರಿಯುತ್ತದೆ, ಸೆನ್ಸರ್ ಕೆಟ್ಟಿದೆಯಾ ಎಂದು ಕೇಳಿದ್ದೀರಿ.

ಕೆಟ್ಟಿಲ್ಲ. ಹಾಸನದ ಲ್ಯಾಬಿನಲ್ಲಿ ನಾನು ಇದೇ ಕೆಲಸ ಮಾಡುತ್ತೇನೆ, ಹೊಸದಾಗಿ ಬರುವ ಹುಡುಗರೂ ಮೊದಲು ಇದನ್ನೇ ಕೇಳುತ್ತಾರೆ.

ಫೈಬರ್ ಒಟ್ಟು 125 ಮೈಕ್ರಾನ್ ದಪ್ಪ. ಬೆಳಕು ಓಡುವುದು ನಡುವಿನ 8–9 ಮೈಕ್ರಾನ್ ಕೋರಿನಲ್ಲಿ. ಗ್ರೇಟಿಂಗ್ ಇರುವುದೂ ಅಲ್ಲೇ. ಸುತ್ತಲಿನ ಗಾಜಿನ ಪದರ (ಕ್ಲ್ಯಾಡಿಂಗ್) ದಾಟಿ ಬೆಳಕು ಹೊರಗೆ ಬರುವುದೇ ಇಲ್ಲ. ಹಾಗಿದ್ದ ಮೇಲೆ ಹೊರಗೆ ನೀರಿದೆಯೋ ಪಾಕವಿದೆಯೋ ಅದಕ್ಕೆ ಹೇಗೆ ತಿಳಿಯಬೇಕು? ಆದರೆ ಶಾಖ ಒಳಗೆ ಇಳಿಯುತ್ತದೆ. 1550 ನ್ಯಾನೋಮೀಟರ್ ತರಂಗಾಂತರದ ಹತ್ತಿರ ಒಂದು ಡಿಗ್ರಿಗೆ ಪೀಕ್ ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಎಂಟು ಡಿಗ್ರಿ ವ್ಯತ್ಯಾಸ ಇದ್ದರೆ 80 ಪಿಕೋಮೀಟರ್ ಆಯ್ತಲ್ಲ. ನೀವು ನೋಡಿದ್ದು ಅದನ್ನೇ.

ಕ್ಲ್ಯಾಡಿಂಗನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿ ಬೆಳಕನ್ನು ಹೊರಗಿನ ದ್ರವಕ್ಕೆ ತಾಗಿಸುವ ದಾರಿ ಇದೆ. ದಯವಿಟ್ಟು ಆ ಗೋಜಿಗೆ ಹೋಗಬೇಡಿ. ಅದು ಚರ್ಮದೊಳಗೆ ಇಳಿದು ಮೂಳೆಯವರೆಗೂ ಹೋಗುವ ಆಮ್ಲ. ಅದಕ್ಕೆಂದೇ ವ್ಯವಸ್ಥೆ ಇರುವ ಲ್ಯಾಬಿನಲ್ಲಿ, ತರಬೇತಿ ಆದವರು ಮಾತ್ರ ಮುಟ್ಟಬೇಕು. ಫೈಬರ್ ಕೂಡ ಸಣಕಲಾಗಿ, ಕೈ ತಾಗಿದರೆ ಮುರಿಯುತ್ತದೆ.

ನಿಮಗೆ ಬೇಕಿರುವುದು ಲಾಂಗ್ ಪೀರಿಯಡ್ ಗ್ರೇಟಿಂಗ್. ನಿಮ್ಮ ಎಫ್‌ಬಿಜಿಯಲ್ಲಿ ಗೆರೆಗಳ ಅಂತರ ಅರ್ಧ ಮೈಕ್ರಾನಿಗಿಂತ ಸ್ವಲ್ಪ ಜಾಸ್ತಿ, ಇದರಲ್ಲಿ ನೂರಾರು ಮೈಕ್ರಾನ್. ಇದು ಕೋರಿನ ಬೆಳಕನ್ನು ಕ್ಲ್ಯಾಡಿಂಗಿಗೆ ತಳ್ಳುತ್ತದೆ. ಕ್ಲ್ಯಾಡಿಂಗಿನ ಬೆಳಕು ಹೊರಗಿನ ದ್ರವವನ್ನು ಸವರಿಕೊಂಡೇ ಹೋಗುತ್ತದೆ. ಸ್ಪೆಕ್ಟ್ರಮ್ಮಿನಲ್ಲಿ ಪೀಕ್ ಬದಲು ಡಿಪ್, ಅಂದರೆ ತಗ್ಗು, ಕಾಣುತ್ತದೆ. ಹೊರಗಿನ ಸೂಚ್ಯಂಕ ಏರಿದಂತೆ ಅದು ಸಾಮಾನ್ಯವಾಗಿ ಕಡಿಮೆ ತರಂಗಾಂತರದ ಕಡೆಗೆ ಸರಿಯುತ್ತದೆ. ಇದನ್ನು ಓದುವುದು ಆಚೆ ತುದಿಯಿಂದ, ಹಿಂದಿರುಗುವ ಬೆಳಕಿನಿಂದಲ್ಲ. ಹಾಗಾಗಿ ಹಲವು ತರಂಗಾಂತರಗಳ ಬೆಳಕು ಕೊಡುವ ಬ್ರಾಡ್‌ಬ್ಯಾಂಡ್ ಸೋರ್ಸ್ ಮತ್ತು ಸ್ಪೆಕ್ಟ್ರಮ್ ಅನಲೈಸರ್ ಬೇಕು, ಹಿಂದಿರುಗುವ ಬೆಳಕನ್ನು ಓದುವ ಎಫ್‌ಬಿಜಿ ಇಂಟರಾಗೇಟರ್ ಸಾಲದು.

ಈ ಗ್ರೇಟಿಂಗಿಗೆ ಬಾಗುವುದು ಆಗಿಬರುವುದಿಲ್ಲ. ಎರಡೂ ತುದಿ ಬಿಗಿದು, ಪ್ರತಿ ಸಲ ಒಂದೇ ಎಳೆತದಲ್ಲಿ ನೆಟ್ಟಗೆ ಇಡಿ. ಮಾದರಿ ಬದಲಿಸುವಾಗ ಫೈಬರ್ ಮುಟ್ಟಬೇಡಿ, ದ್ರವದ ತೊಟ್ಟಿಯನ್ನು ಕೆಳಗಿನಿಂದ ಏರಿಸಿ ಇಳಿಸಿ. ನಡುವೆ ನೀರು, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆಯಿರಿ. ಗಾಳಿಯಲ್ಲಿ ಡಿಪ್ ಮೊದಲಿದ್ದ ಜಾಗಕ್ಕೆ ವಾಪಸ್ ಬಂತಾ ನೋಡಿ. ಬರದಿದ್ದರೆ ಸಕ್ಕರೆ ಅಂಟಿಕೊಂಡಿದೆ ಅಥವಾ ಎಳೆತ ಬದಲಾಗಿದೆ. ಮುಂದಿನ ರೀಡಿಂಗ್ ತೆಗೆದುಕೊಳ್ಳಲೇಬೇಡಿ.

ನಿಮ್ಮ ಎಫ್‌ಬಿಜಿ ಎತ್ತಿಡಬೇಡಿ. ಅದನ್ನೂ ಎಳೆತ ಬೀಳದಂತೆ ಅದೇ ತೊಟ್ಟಿಯಲ್ಲಿ ಬಿಡಿ. ಸಕ್ಕರೆ ಕಾಣದ, ಶಾಖ ಮಾತ್ರ ಕಾಣುವ ಸೆನ್ಸರ್ ಅಂದರೆ ಒಳ್ಳೆಯ ಥರ್ಮಾಮೀಟರ್ ಅಲ್ವಾ?

ಕ್ಯಾಲಿಬ್ರೇಶನ್ನಿನಲ್ಲಿ ಒಂದು ಎಚ್ಚರಿಕೆ. ಸೂಚ್ಯಂಕ ಅಳೆಯುವ ಅಬ್ಬೆ ರಿಫ್ರ್ಯಾಕ್ಟೋಮೀಟರ್ ತೋರಿಸುವುದು 589 ನ್ಯಾನೋಮೀಟರಿನ ಸೂಚ್ಯಂಕ. ಅಲ್ಲಿ ನೀರು 1.333, ನಿಮ್ಮ 1550ರಲ್ಲಿ 1.32ರ ಆಸುಪಾಸು. ಯಾವ ತರಂಗಾಂತರದ್ದು ಎಂದು ಗ್ರಾಫಿನಲ್ಲೇ ಬರೆಯಿರಿ.

ಇನ್ನು ಜೇನು. ಅಬ್ಬೆಯಲ್ಲಿ ಅದು 1.49ರ ಹತ್ತಿರ ಬರುತ್ತದೆ. 1550ಕ್ಕೆ ಬಂದರೂ ಕ್ಲ್ಯಾಡಿಂಗಿನ 1.444ಕ್ಕಿಂತ ಮೇಲೇ ಇರುತ್ತದೆ. ಆಗ ಬೆಳಕು ಕ್ಲ್ಯಾಡಿಂಗಿನಲ್ಲಿ ನಿಲ್ಲದೆ ಸೋರಿಹೋಗುತ್ತದೆ, ಡಿಪ್ ಮಸುಕಾಗುತ್ತದೆ, ಸರಿಯುವುದೂ ಅಷ್ಟಕ್ಕಷ್ಟೆ. ಜೇನಿಗೆ ಅಷ್ಟೇ ತೂಕದ ನೀರು ಬೆರೆಸಿ, ಅಬ್ಬೆಯಲ್ಲಿ ಸುಮಾರು 1.40ಕ್ಕೆ ಇಳಿಯುತ್ತದೆ. ತೂಕ ಮಾತ್ರ ಒಳ್ಳೆಯ ತಕ್ಕಡಿಯಲ್ಲೇ ಆಗಬೇಕು, ಅಲ್ಲಿ ತಪ್ಪಿದ್ದೆಲ್ಲ ನೇರ ಉತ್ತರಕ್ಕೆ ಬಂದು ಸೇರುತ್ತದೆ.

ಪ್ರಾಜೆಕ್ಟಿನ ಹೆಸರಿನಲ್ಲಿ ‘ಕಲಬೆರಕೆ ಪತ್ತೆ’ ಎಂದು ಹಾಕಬೇಡಿ. ಅಷ್ಟೇ ಗಟ್ಟಿಯಾದ ಸಕ್ಕರೆ ಪಾಕಕ್ಕೂ ಹೆಚ್ಚುಕಡಿಮೆ ಅದೇ ಸೂಚ್ಯಂಕ ಇರುತ್ತದೆ. ‘ಜೇನಿನ ತೇವಾಂಶ’ ಎಂದು ಹಾಕಿ, ವೈವಾದಲ್ಲಿ ಧೈರ್ಯವಾಗಿ ಉತ್ತರ ಕೊಡಬಹುದು.