ಭಾನುವಾರ ಸಂಜೆಯ ಹೊಟ್ಟೆನೋವು

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಇವರನ್ನು ಮೇಷ್ಟ್ರು ಎನ್ನೋಣ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರು, ವಯಸ್ಸು ನಲವತ್ತರ ಹತ್ತಿರ. ಭಾನುವಾರ ಸಂಜೆಯಾದರೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ಎಂಡೋಸ್ಕೋಪಿಯಲ್ಲಿ ಏನೂ ಸಿಗಲಿಲ್ಲ.

"ಸಂಬಳಕ್ಕೆ ಕೊರತೆ ಇಲ್ಲ ಮೇಡಂ. ಆದರೂ ಕೆಲಸ ಬಿಟ್ಟುಬಿಡೋಣ ಅನ್ನಿಸುತ್ತೆ. ಕೊಬ್ಬು ಅಲ್ವಾ ಇದು?"

ಆರು ವರ್ಷ ಅತಿಥಿ ಉಪನ್ಯಾಸಕರಾಗಿ ದುಡಿದು ಕಾಯಂ ಆದವರು. ಅದಕ್ಕೇ ಈ ಅಳುಕು. ಕೊಬ್ಬಲ್ಲ ಎಂದೆ. ಸಂಬಳ, ಭದ್ರತೆ ಇಲ್ಲದಿದ್ದರೆ ಅಸಮಾಧಾನವಾಗುತ್ತದೆ, ಆದರೆ ಅವು ಸಿಕ್ಕಿದ ಮಾತ್ರಕ್ಕೆ ತೃಪ್ತಿ ಬರುವುದಿಲ್ಲ ಎಂದು ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದರು. ಅವರ ಮಾತಿಗೆ ತಕರಾರು ತೆಗೆದವರೂ ಇದ್ದಾರೆ. ನನ್ನ ಕೋಣೆಯಲ್ಲಂತೂ ಅದು ಆಗಾಗ ಕೆಲಸಕ್ಕೆ ಬರುತ್ತದೆ.

ಎರಡು ವಾರ ದಿನಚರಿ ಬರೆಯಲು ಹೇಳಿದೆ: ಯಾವ ಹೊತ್ತು ಹಗುರ, ಯಾವ ಹೊತ್ತು ಭಾರ, ಅಷ್ಟೇ. ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು, ಭಾರಕ್ಕೆ ಕೆಂಪು ಶಾಯಿ ಬಳಸಿ ತಂದರು. ಮೇಷ್ಟ್ರೇ ತಾನೇ! ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಅವರಿಗೆ ವಾರಕ್ಕೆ 16 ಗಂಟೆ ಪಾಠ. ಅಷ್ಟರಲ್ಲಿ ಒಂದೇ ಒಂದು ಗಂಟೆಯೂ ಕೆಂಪಾಗಿರಲಿಲ್ಲ. ಕೆಂಪಾಗಿದ್ದದ್ದು ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ಮಂಡಳಿ) ಫೈಲು, ಸಸಿ ನೆಟ್ಟದ್ದಕ್ಕೆ ಸ್ಥಳದ ಗುರುತಿರುವ ಜಿಯೋಟ್ಯಾಗ್ ಫೋಟೋ, ರಾತ್ರಿ 10.40ಕ್ಕೆ "ನಾಳೆ ಒಂಬತ್ತಕ್ಕೆ ಬೇಕು" ಎಂಬ ವಾಟ್ಸಾಪ್ ಮೆಸೇಜು. ಇದರ ಜೊತೆಗೆ ಬಡ್ತಿಯ ಕೊರಗು. ಪಿಎಚ್‌ಡಿ ಇದ್ದವರು ನಾಲ್ಕು ವರ್ಷಕ್ಕೇ ಸಿಎಎಸ್‌ನ (ಅಧ್ಯಾಪಕರ ಬಡ್ತಿ ಯೋಜನೆ) ಮೊದಲ ಬಡ್ತಿಗೆ ಅರ್ಹರು. ಇವರಿಗೆ ಏಳು ತುಂಬಿದೆ. ಫೈಲು ಎಲ್ಲಿದೆ ಎಂದರೆ, "ಕೇಳೋಕೆ ಮುಜುಗರ" ಎಂದರು.

ರಾಜೀನಾಮೆಯ ಮಾತು ಆರು ತಿಂಗಳು ಬೇಡ ಎಂದೆ. ಆಗಲ್ಲ ಎಂದು ಬಾಯಲ್ಲಿ ಹೇಳಿದರೆ ಅದು ಸೋಮಾರಿತನದಂತೆ ಕೇಳಿಸುತ್ತದೆ. ಅದರ ಬದಲು ಗಂಟೆ ಲೆಕ್ಕ ಬರೆದು ಮುಖ್ಯಸ್ಥರಿಗೆ ಕೊಡಿ. ಐದು ಸಮಿತಿಗಳಲ್ಲಿ ಎರಡನ್ನು ಇಟ್ಟುಕೊಳ್ಳುತ್ತೇನೆ ಎಂದು ನೀವೇ ಆರಿಸಿ ಹೇಳಿ. ಬಡ್ತಿ ಅರ್ಜಿಯ ಪ್ರತಿ ಹಿಡಿದು ಆಡಳಿತ ವಿಭಾಗಕ್ಕೆ ಹೋಗಿ, ಅರ್ಜಿ ತಲುಪಿದ್ದಕ್ಕೆ ಕಚೇರಿ ಕೊಡುವ ಇನ್‌ವರ್ಡ್ ನಂಬರ್ ಬರೆದುಕೊಂಡು ಬನ್ನಿ. ರಾತ್ರಿ ಒಂಬತ್ತಾದ ಮೇಲೆ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿ. ಈ ಕೊನೆಯದನ್ನು ಅವರು ಮಾಡಲಿಲ್ಲ. "ಸರ್ ಬೇಜಾರು ಮಾಡ್ಕೋತಾರೆ." ನಾನೂ ಜಾಸ್ತಿ ಒತ್ತಾಯಿಸಲಿಲ್ಲ.

ನಾಲ್ಕನೇ ಭೇಟಿಗೆ ಬರುವಷ್ಟರಲ್ಲಿ ಎರಡು ಸಮಿತಿ ಕಳಚಿದ್ದವು. ಮೂರನೆಯದಕ್ಕೆ ಮುಖ್ಯಸ್ಥರು "ನೋಡೋಣ" ಎಂದಿದ್ದರಂತೆ. ತಮ್ಮ ಪಿಎಚ್‌ಡಿ ವಿಷಯದ ಐಚ್ಛಿಕ ಪತ್ರಿಕೆಯನ್ನು ಮುಂದಿನ ಸೆಮಿಸ್ಟರ್‌ಗೆ ಕೇಳಿ ಪಡೆದಿದ್ದರು. ಇದು ನಾನು ಹೇಳಿದ್ದಲ್ಲ, ಅವರಿಗೇ ಹೊಳೆದದ್ದು. ಅರ್ಧ ಗಂಟೆ ಅದರ ಬಗ್ಗೆಯೇ ಮಾತಾಡಿದರು. ಹೊಟ್ಟೆನೋವು ಕೆಲವು ಭಾನುವಾರ ಈಗಲೂ ಬರುತ್ತದೆ. ಬಡ್ತಿ ಫೈಲಿಗೆ ನಂಬರ್ ಸಿಕ್ಕಿದೆ, ಫೈಲು ಮಾತ್ರ ಕದಲಿಲ್ಲ.