ಕೆಂಪು ಹತ್ತಿಯ ರೇಟು

ಸಂಡೂರಿನಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಬಳ್ಳಾರಿ ಸೀಮೆಯ ಬಿಸಿಲಿನ ಬಗ್ಗೆ ಹೋದ ಸಂಚಿಕೆಯಲ್ಲಿ ನಾನು ಬರೆದ ಸಂಪಾದಕೀಯ ನಿಮ್ಮನ್ನು ಕೆರಳಿಸಿದೆ. ‘ಹವಾಮಾನ ಬದಲಾವಣೆ ಅನ್ನೋದು ಸರ್ಕಾರ ಹಿಡಿತ ಬಿಗಿ ಮಾಡಲು ಹೂಡಿದ ನೆಪ. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಿ, ಅದೇ ದಾರಿ ಹುಡುಕುತ್ತದೆ. 2011ರಲ್ಲಿ ಗಣಿ ನಿಂತಾಗ ನನ್ನ ಎರಡು ಲಾರಿ ಫೈನಾನ್ಸಿನವರ ಪಾಲಾದವು. ನಾನು ಕಂಡ ನಿಯಂತ್ರಣ ಅಷ್ಟೇ’ ಎಂದಿದ್ದೀರಿ. ಲಾರಿಯ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಬ್ಬಿಣದ ಅದಿರಿನ ಭರಾಟೆಯ ದಿನಗಳಲ್ಲಿ ಒಮ್ಮೆ ಸಂಡೂರು–ಹೊಸಪೇಟೆ ರಸ್ತೆ ಪಕ್ಕದ ಹೊಲಕ್ಕೆ ಹೋಗಿದ್ದೆ. ಹತ್ತಿ ಬಿಡಿಸುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬರು ಒಂದು ಹಿಡಿ ಹತ್ತಿಯನ್ನು ನನ್ನ ಅಂಗೈಗೆ ಇಟ್ಟರು. ಎಳೆ ಎಳೆಗೂ ಕೆಂಪು ಧೂಳು. ಊದಿದೆ, ಹೋಗಲಿಲ್ಲ. ಉಜ್ಜಿದೆ, ಇನ್ನೂ ಒಳಗಿಳಿಯಿತು. ‘ಹತ್ತಿ ಕೆಂಪಗೈತಿ ಅಂತ ದಲಾಲಿ ಅಂಗಡ್ಯಾಗ ರೇಟು ಇಳಿಸಿದ್ರು. ಧೂಳು ಎಬ್ಬಿಸಿದೋರ ಅದಿರಿಗೆ ಯಾರರ ಇಳಿಸಿದ್ರೇನಪ್ಪ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಲ್ಲಿ ಮಾರುಕಟ್ಟೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಕೆಂಪಾದ ಹತ್ತಿಗೆ ಕಡಿಮೆ ಬೆಲೆ ಕಟ್ಟಿತು, ಚೀನಾ ಕೇಳಿದ ಅದಿರಿಗೆ ಹೆಚ್ಚು ಕಟ್ಟಿತು. ನಡುವಿನ ಧೂಳು ಮಾತ್ರ ಯಾರ ಲೆಕ್ಕದ ಪುಸ್ತಕಕ್ಕೂ ಏರಲಿಲ್ಲ. ಕಲ್ಲಿದ್ದಲು, ಪೆಟ್ರೋಲು ಉರಿದಾಗ ಗಾಳಿಗೇರಿ ಭೂಮಿಯ ಶಾಖವನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣದ ಅಂಥದೇ ಧೂಳು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದ 1958ರಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ ಅದು ಸುಮಾರು 315 ಇತ್ತು, ಈಗ 420 ದಾಟಿದೆ. ಒಮ್ಮೆ ಮೇಲೇರಿದ್ದರ ಒಂದು ಪಾಲು ಶತಮಾನಗಳ ಕಾಲ ಅಲ್ಲೇ ಉಳಿಯುತ್ತದೆ. ರಾಯಚೂರು ಬಳಿಯ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಯದೋ ಅಮೆರಿಕದ ಕಾರಿನದೋ ಎಂದು ನಮ್ಮ ಬಿಸಿಲು ಬೇರ್ಪಡಿಸಿ ನೋಡುವುದಿಲ್ಲ.

ಇದು ಎಡಪಂಥದವರ ಮಾತೆಂದು ತಳ್ಳಿಹಾಕಬೇಡಿ. ಮುಕ್ತ ಮಾರುಕಟ್ಟೆಯ ದೊಡ್ಡ ಪ್ರತಿಪಾದಕ, ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ 1944ರಲ್ಲೇ ಒಪ್ಪಿಕೊಂಡಿದ್ದರು: ಕಾಡು ಕಡಿದ ಕೇಡು, ಕಾರ್ಖಾನೆಯ ಹೊಗೆಯ ಕೇಡು ಮಾಲೀಕನಿಗಷ್ಟೇ ತಟ್ಟಿ ನಿಲ್ಲುವುದಿಲ್ಲ, ಅಂಥಲ್ಲಿ ಬೆಲೆಯನ್ನೇ ನೆಚ್ಚಿ ಕೂರಲಾಗದು. ಸರ್ಕಾರಿ ಕಂಪನಿಗಳನ್ನು ಖಾಸಗಿಯವರಿಗೆ ಮಾರಿದ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ 1989ರ ನವೆಂಬರಿನಲ್ಲಿ ವಿಶ್ವಸಂಸ್ಥೆಗೆ ಹೋಗಿ, ಹವಾಮಾನಕ್ಕಾಗಿ ದೇಶಗಳೆಲ್ಲ ಕೂಡಿ ಒಪ್ಪಂದಕ್ಕೆ ಬರಬೇಕೆಂದು ವಾದಿಸಿದರು. ಅದಕ್ಕೆ ಎರಡು ವರ್ಷ ಮೊದಲು, 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ, ಫ್ರಿಜ್ಜುಗಳಲ್ಲಿ ಬಳಸುತ್ತಿದ್ದ, ಓಜೋನ್ ಪದರ ತಿನ್ನುವ ಅನಿಲಗಳಿಗೆ ಲಗಾಮು ಬಿದ್ದಿತ್ತು. ಫ್ರಿಜ್ಜುಗಳೇನೂ ನಿಂತುಹೋಗಲಿಲ್ಲ, ಕಂಪನಿಗಳೇ ಬದಲಿ ಅನಿಲ ಹುಡುಕಿದವು.

‘ಸರ್ಕಾರವೇ ಕಳ್ಳರ ಜೊತೆಗಿತ್ತಲ್ಲ’ ಎಂದೂ ಕೇಳಿದ್ದೀರಿ. ಇತ್ತು. ಅಕ್ರಮ ಗಣಿಗಾರಿಕೆಯ ಮೇಲಿನ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈನಲ್ಲಿ ಅದನ್ನೇ ಬಿಚ್ಚಿಟ್ಟಿತು. ಕಲ್ಲಿದ್ದಲು ಸ್ಥಾವರಗಳ ಗಂಧಕದ ಹೊಗೆಗೆ ಕೇಂದ್ರ 2015ರಲ್ಲಿ ಮಿತಿ ಹಾಕಿ, ಗಡುವು ಮುಂದೂಡುತ್ತಾ ಬಂದು, 2025ರಲ್ಲಿ ಹೆಚ್ಚಿನವಕ್ಕೆ ವಿನಾಯಿತಿಯನ್ನೇ ಕೊಟ್ಟಿತು. ಇದು ನನಗೂ ಸಿಟ್ಟು ತರಿಸುತ್ತದೆ. ಆದರೆ ಕಾವಲುಗಾರ ಕಳ್ಳರ ಜೊತೆ ಸೇರಿದನೆಂದು ಮನೆಗೆ ಬಾಗಿಲೇ ಬೇಡ ಎನ್ನುತ್ತೇವೆಯೇ? ಬಳ್ಳಾರಿ ಹಾಳಾಗಿದ್ದು ಕಾನೂನು ಇದ್ದದ್ದರಿಂದಲ್ಲ, ಅದನ್ನು ಕಾಯಬೇಕಾದವರು ಮಾರಿಕೊಂಡದ್ದರಿಂದ.

ಸುಪ್ರೀಂ ಕೋರ್ಟು ಮಾಡಿದ್ದನ್ನು ನೋಡಿ. ಮೊದಲು ಗಣಿ ನಿಲ್ಲಿಸಿತು. ಆಮೇಲೆ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಗಂಭೀರ ಅಕ್ರಮದ ಸಿ ವರ್ಗವನ್ನು 2013ರಲ್ಲಿ ರದ್ದು ಮಾಡಿತು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಹಾಕಿ, ಅದಿರನ್ನು ಇ-ಹರಾಜಿನಲ್ಲಿ ಮಾರಿಸಿತು. ಹರಾಜೂ ಮಾರುಕಟ್ಟೆಯೇ ಅಲ್ಲವೇ? ಬೆಟ್ಟ ಎಷ್ಟು ತಾಳೀತು ಎಂಬುದನ್ನು ಮೊದಲು ಗೊತ್ತುಮಾಡಿ, ಬೆಲೆಯನ್ನು ಆಮೇಲೆ ಕೂಗಲು ಬಿಟ್ಟರು. ಇಂಗಾಲಕ್ಕೂ ನಾನು ಕೇಳುತ್ತಿರುವುದು ಇಷ್ಟೇ.

ಇನ್ನು ನಿಮ್ಮ ಲಾರಿಗಳು. ಅಲ್ಲಿ ನೀವು ಹೇಳಿದ್ದು ಸರಿ. ಕೋಟಿ ಕೋಟಿ ಬಾಚಿದವರ ತಪ್ಪಿಗೆ ಕಂತು ಕಟ್ಟುತ್ತಿದ್ದವರು ದಂಡ ತೆತ್ತರು. ಗಣಿಬಾಧಿತ ಹಳ್ಳಿಗಳಿಗೆಂದು ಕೂಡಿಟ್ಟ ಸಾವಿರಾರು ಕೋಟಿ ರೂಪಾಯಿ ವರ್ಷಗಟ್ಟಲೆ ಖರ್ಚಾಗದೆ ಬಿದ್ದಿತ್ತು. ನಿಲ್ಲಿಸುವ ಆದೇಶದ ಜೊತೆಗೇ ಚಾಲಕ, ಕ್ಲೀನರ್, ಹಮಾಲರ ಹೊಟ್ಟೆಯ ಯೋಚನೆಯೂ ಆಗಬೇಕಿತ್ತು. ನಾಳೆ ಕುಡತಿನಿಯಲ್ಲೋ ಶಕ್ತಿನಗರದಲ್ಲೋ ಕಲ್ಲಿದ್ದಲು ಘಟಕ ಮುಚ್ಚುವ ದಿನ ಬಂದರೆ ಮೊದಲು ಕೇಳಬೇಕಾದದ್ದೂ ಇದನ್ನೇ. ಆ ಎರಡು ಲಾರಿಗಳ ಸಾಲ, ಕಂತು, ಕೊನೆಗೆ ಹೋದ ದಿನ, ಎಲ್ಲವನ್ನೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಇಟ್ಟಿದ್ದೇನೆ.