ಅಪ್ಪ-ಅಮ್ಮನನ್ನು ಸಾಯಿಸಲೇಬೇಕೇ?

ಮಲ್ಲೇಶ್ವರದ 12 ವರ್ಷದ ಹುಡುಗಿಯ ಕಥೆ ಬರೆಯುತ್ತಿದ್ದೀರಿ, ಮೊದಲ ಅಧ್ಯಾಯದಲ್ಲೇ ಅಪ್ಪ-ಅಮ್ಮ ಅಪಘಾತದಲ್ಲಿ ತೀರಿಕೊಳ್ಳುತ್ತಾರೆ, ಇದು ಸವಕಲು ಅನಿಸುತ್ತದೆಯೇ ಅಂತ ಕೇಳಿದ್ದೀರಿ. ತಂತ್ರ ಹಳೆಯದು, ನಿಜ. 1837ರಲ್ಲಿ ಧಾರಾವಾಹಿಯಾಗಿ ಶುರುವಾದ ಚಾರ್ಲ್ಸ್ ಡಿಕನ್ಸ್‌ನ ಕಾದಂಬರಿ ‘ಆಲಿವರ್ ಟ್ವಿಸ್ಟ್’ನಲ್ಲೂ ತಾಯಿ ಮೊದಲ ಅಧ್ಯಾಯದಲ್ಲೇ ಸಾಯುತ್ತಾಳೆ. ಮನೆಯಲ್ಲಿ ದೊಡ್ಡವರಿದ್ದರೆ ಮಗು ಕತ್ತಲಾದ ಮೇಲೆ ಗೇಟು ದಾಟುವುದಿಲ್ಲವಲ್ಲ, ಅದಕ್ಕೆ.

ಅಷ್ಟಕ್ಕೇ ಆದರೆ ಸಾವು ಬೇಕಿಲ್ಲ. ಅಪ್ಪ ಬಸ್ ಡ್ರೈವರ್, ರಾತ್ರಿ ಪಾಳಿ. ಅಮ್ಮನಿಗೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಓವರ್‌ಟೈಮ್. ಬೀಗದ ಕೈ ಹುಡುಗಿಯ ಬ್ಯಾಗಿನಲ್ಲಿ. ಸಾಕು.

ಸಾವು ಬೇಕೇ ಬೇಕು ಅಂತಿದ್ದರೆ, ದಯವಿಟ್ಟು ಎರಡನೇ ಅಧ್ಯಾಯದಲ್ಲಿ ಅದನ್ನು ಮರೆಯಬೇಡಿ. ನನ್ನ ಅಪ್ಪ ಹೋದಾಗ ನನಗೆ 11. ಅವರ ಸ್ಕೂಟರ್ ಮೆಟ್ಟಿಲ ಕೆಳಗೆ ಎರಡು ವರ್ಷ ನಿಂತಿತ್ತು. ಪ್ರತಿ ಭಾನುವಾರ ಅಮ್ಮ ನನ್ನ ಕೈಲಿ ಕಿಕ್ ಹೊಡೆಸುತ್ತಿದ್ದರು. ಸ್ಟಾರ್ಟ್ ಆದರೆ ಐದು ನಿಮಿಷ ಆ ಸದ್ದು ಕೇಳಿಸಿಕೊಂಡು, ಆಮೇಲೆ ಆಫ್ ಮಾಡು ಅನ್ನುತ್ತಿದ್ದರು. ಆ ಹೊಗೆಯ ವಾಸನೆ ಈಗಲೂ ಮೂಗಿನಲ್ಲಿದೆ.

ಗೋವಿನ ಹಾಡನ್ನು ಇನ್ನೊಮ್ಮೆ ಓದಿ. ಹುಲಿಯ ಬಳಿಗೆ ಹೊರಡುವ ಮುನ್ನ ಪುಣ್ಯಕೋಟಿ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು. ಯಾರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ ಅಂತ ಕರು ಕೇಳುತ್ತದೆ. ನಿಮ್ಮ ಹುಡುಗಿಯನ್ನೂ ಮೊದಲು ಕಾಡುವುದು ಇಂಥದ್ದೇ: ಜಡೆ ಯಾರು ಹಾಕುತ್ತಾರೆ, ಪೇರೆಂಟ್ಸ್ ಮೀಟಿಂಗ್‌ಗೆ ಯಾರು ಬರುತ್ತಾರೆ. ಅಜ್ಜಿಯೋ ಚಿಕ್ಕಪ್ಪನೋ ಬಂದು ಕರೆದುಕೊಂಡು ಹೋಗಿಯೇ ಹೋಗುತ್ತಾರೆ. ಆ ನೆಂಟರನ್ನು ಬರೆಯಿರಿ.